ಚಾರ್ಲಿಗೆ ಇಂಟರ್‌ವಲ್ಲೇ ಇಲ್ಲ!

ಸಿನಿಮಾ ನೋಡಿ ಕೆಟ್ಟವರ ಕಥೆ ನೀವು ಬೇಕಾದಷ್ಟು ಓದಿದ್ದೀರಿ. ಇದು ಸಿನಿಮಾ ನೋಡಿ ನಾಯಿ ತಂದವನ ಕಥೆ!

2022ರ ಜೂನ್‌ನಲ್ಲಿ '777 ಚಾರ್ಲಿ' ತೆರೆಕಂಡಾಗ ಮಗಳನ್ನು ಕರೆದುಕೊಂಡು ಕಲಬುರಗಿಗೆ ಹೋಗಿ ನೋಡಿ ಬಂದೆ. ಕಿರಣರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ. ಆದರೆ ನಿಜವಾದ ಸ್ಟಾರ್ ಆ ಲ್ಯಾಬ್ರಡಾರ್ ನಾಯಿಯೇ. ಅದು ಮನೆಯೆಲ್ಲ ರಂಪ ಮಾಡುವಾಗ ನಕ್ಕಿದ್ದೇ ನಕ್ಕಿದ್ದು, ಕೊನೆಗೆ ಅತ್ತಿದ್ದೇ ಅತ್ತಿದ್ದು. ಚೌಡಾಪುರದ ಬಸ್ ಇಳಿಯುವ ಮೊದಲೇ ಮಗಳ ಹಟ ಶುರು: "ಅಪ್ಪಾ, ನಮಗೂ ಒಂದು ಚಾರ್ಲಿ ಬೇಕು."

ಒಂದೂವರೆ ವರ್ಷ ಸಬೂಬು ಹೇಳಿ, 2024ರ ಜನವರಿಯಲ್ಲಿ ಸೋತೆ. ನಮ್ಮ ಬಿಸಿಲಿಗೆ ನಮ್ಮ ನಾಡಿನ ತಳಿಯೇ ಸರಿ ಎಂದು ಎರಡು ತಿಂಗಳ ಮುಧೋಳ ಮರಿ ತಂದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಘನವಂತ ತಳಿ! ಹೆಸರು ಚಾರ್ಲಿ. ನಮ್ಮವ್ವನಿಗೆ ಬಾಯಿ ತಿರುಗದೆ 'ಚಾರಿ' ಆಯಿತು.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ, ಹಿಂದೆಯೇ ಮನೆ. ಮರಿಯನ್ನು ಅಂಗಡಿ ಮುಂದೆ ಕಟ್ಟಿದೆ. ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆ ಹೋಗುವ ಬಸ್ಸು, ಜೀಪು, ಜನ. ಹುಣ್ಣಿಮೆ ಬಂತೆಂದರೆ ಕೇಳುವುದೇ ಬೇಡ. ಬಂದವರೆಲ್ಲ ಮರಿಯನ್ನು ಮುಟ್ಟಿ ಆಡಿಸುವವರೇ. ಅದೋ, ಹಗ್ಗ ಜಗ್ಗುವುದು, ಕುಣಿಯುವುದು, ಸಿಕ್ಕಿದ್ದು ಕಚ್ಚುವುದು. ಅಳತೆ ಟೇಪು ಹೋಯಿತು. ಯಾರದೋ ಮದುವೆ ಬ್ಲೌಸಿನ ತೋಳು ಹೋಯಿತು. ಸಿನಿಮಾದಲ್ಲಾದರೆ ಇಂಟರ್‌ವಲ್ ಬರುತ್ತದೆ. ಇಲ್ಲಿ ಎಲ್ಲಿಯದು?

ಮಾರ್ಚ್‌ನಲ್ಲಿ ಒಂದು ಸಂಜೆ ಹಗ್ಗ ಬಿಚ್ಚಿದ್ದೇ ತಡ, ಒಳಗೆ ನುಗ್ಗಿ ಅವ್ವನ ಮೇಲೆ ಹಾರಿತು. ಅವ್ವ ಜಾರಿ ಬಿದ್ದಳು. ಮಣಿಕಟ್ಟಿನ ಎಲುಬು ಮುರಿದು ಆರು ವಾರದ ಪ್ಲಾಸ್ಟರ್! ನಾನು ಸಿಟ್ಟಿನಲ್ಲಿ ಮರಿಗೆ ಹೊಡೆದೆ. ಅದು ಹೊಲಿಗೆ ಮಷೀನಿನ ಅಡಿ ಸೇರಿ ಉಚ್ಚೆ ಹೊಯ್ದುಕೊಂಡಿತು. ಆ ರಾತ್ರಿ ಮಗಳು ಊಟ ಮಾಡಲಿಲ್ಲ.

ಮನೆಯವಳು ಖಡಾಖಂಡಿತ ಹೇಳಿದಳು: "ಯುಗಾದಿ ಆಗೂದ್ರೊಳಗ ಇದನ್ನ ಎಲ್ಲಿಂದ ತಂದೀರೋ ಅಲ್ಲೇ ಬಿಟ್ಟು ಬರ್ರಿ."

ಓಡುವ ತಳಿ, ಓಡಿಸಿ ಸುಸ್ತು ಮಾಡಿದರೆ ಸರಿಹೋದೀತೆಂದು ನನ್ನ ಜಾಣತನ ಹೇಳಿತು. ಮರುದಿನವೇ ಮೋಟಾರ್ ಸೈಕಲ್ಲಿಗೆ ಹಗ್ಗ ಕಟ್ಟಿ ಗಾಣಗಾಪುರದ ರಸ್ತೆ ಹಿಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕುರಿ ಕಾಯುವ ಮುದುಕನೊಬ್ಬ ಕೋಲು ಅಡ್ಡ ಹಿಡಿದ.

"ಏನ್ ತಮ್ಮಾ, ಕುನ್ನಿಗಿ ಗಾಡಿ ಹಿಂದ ಕಟ್ಟಿ ಎಲ್ಲಿಗಿ ಎಳಕೊಂಡು ಹೊಂಟಿ? ಎಳೀ ಕಾಲು ಅವ. ಕೆಳಗ ನೋಡು ಒಂದೀಟು."

ನೋಡಿದೆ. ಪಾದದ ಮೆತ್ತೆ ಸುಲಿದು ರಕ್ತ ಜಿನುಗುತ್ತಿತ್ತು.

ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಪಶು ವೈದ್ಯರ ಹತ್ತಿರ ಹೋದೆ. ಅವರು ಔಷಧ ಹಚ್ಚಿ, ಬೈಯದೆ ಕೇಳಿದರು: "ಹಗಲು ಎಷ್ಟು ತಾಸು ಮಲಗ್ತದ?" ನಾನು ತಬ್ಬಿಬ್ಬು. ಬಸ್ ಸ್ಟ್ಯಾಂಡ್ ಮುಂದೆ ಅದು ಮಲಗಿದ್ದೇ ನೋಡಿಲ್ಲ! "ಇಷ್ಟು ಸಣ್ಣ ಮರಿ ದಿನಕ್ಕ ಹದಿನೆಂಟು ತಾಸಾದರೂ ಮಲಗಬೇಕ್ರಿ. ನಿದ್ದೆಗೆಟ್ಟ ಕೂಸು ಹೆಂಗ ರಚ್ಚೆ ಹಿಡೀತದ, ಹಂಗೇ ಇದು. ಎಲುಬು ಇನ್ನೂ ಬಲಿತಿಲ್ಲ, ಗಾಡಿ ಹಿಂದ ಓಡಿಸಬ್ಯಾಡ್ರಿ. ತಾನಾಗಿ ಓಡಲಿ, ದಣಿದರ ತಾನೇ ನಿಲ್ಲಲಿ."

ಶಕ್ತಿ ಹೆಚ್ಚಾಗಿ ಕುಣಿಯುತ್ತಿದೆ ಎಂದು ನಾನು ತಿಳಿದಿದ್ದೆ. ಅರ್ಧದಷ್ಟು ಕುಣಿತ ದಣಿವಿನದೇ!

ಗಾಯ ಮಾಗುವ ತನಕ ಹಿತ್ತಲ ಬೇವಿನ ನೆರಳಲ್ಲಿ ಇಟ್ಟೆವು. ಆಮೇಲೆ ಸೂರ್ಯ ಹುಟ್ಟುವ ಮೊದಲು ಬೀಳು ಹೊಲಕ್ಕೆ. ತೊಗರಿ ಕೊಯ್ದ ಹೊಲ ಬೇಡ, ಕೂಳೆ ಚುಚ್ಚುತ್ತದೆ. ಕುರಿ, ಮೊಲ ಏನು ಕಂಡರೂ ಬೆನ್ನಟ್ಟುವ ತಳಿ ಇದು, ಅದಕ್ಕೇ ಉದ್ದ ಹಗ್ಗ. ಇಪ್ಪತ್ತು ನಿಮಿಷ ಅದರ ಇಷ್ಟದಂತೆ ಓಟ, ಮೂಸುವುದು, ನೆಲ ಕೆದರುವುದು. ಸಂಜೆ ಬಿಸಿಲಿಳಿದ ಮೇಲೆ ಇನ್ನೊಮ್ಮೆ. ಹೊರಡುವ ಮುನ್ನ ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ನೋಡುತ್ತೇನೆ. ನನಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದಕ್ಕೆ ಫ್ಯಾನು. ಹಗಲೆಲ್ಲ ಬೇವಿನಡಿ ನಿದ್ದೆ. ಯಾರೂ ಮುಟ್ಟಕೂಡದು.

ನಡುಮಧ್ಯಾಹ್ನ ಎದ್ದು ಮತ್ತೆ ಗಲಾಟೆ ಶುರುವಾದರೆ? ಅದಕ್ಕೆ ಉಪಾಯ ಹುಡುಕಿದ್ದು ಅವ್ವ! ಪ್ಲಾಸ್ಟರ್ ಹಾಕಿದ ಕೈ ಎದೆಗವಚಿಕೊಂಡು, ಇನ್ನೊಂದು ಕೈಯಿಂದ ರೊಟ್ಟಿ ಚೂರುಗಳನ್ನು ಹಳೇ ಗೋಣಿಚೀಲದ ಮಡಿಕೆಗಳಲ್ಲಿ ಬಚ್ಚಿಡುತ್ತಿದ್ದಳು. ಮರಿ ಮೂಸಿ ಮೂಸಿ ಹುಡುಕಿ ತಿಂದು, ಓಡಿ ಬಂದಷ್ಟೇ ದಣಿದು ಮಲಗುತ್ತಿತ್ತು. ಕೊಡುವ ಮೊದಲು ಒಂದೇ ಕರಾರು: "ಕುಂದ್ರು ಚಾರಿ." ಮೊದಮೊದಲು ಹಾರುತ್ತಿತ್ತು. ಹಾರಿದರೆ ಅವ್ವ ಮುಖ ತಿರುಗಿಸಿ ಸುಮ್ಮನಿರುತ್ತಿದ್ದಳು. ವಾರ ಕಳೆಯುವುದರಲ್ಲಿ ಕುಂಡೆ ಊರಿ ಕೂಡತೊಡಗಿತು.

ಯುಗಾದಿ ಬಂತು. ಮನೆಯವಳು ನನ್ನ ಮುಖ ನೋಡಿದಳು, ನಾನು ಅವ್ವನ ಮುಖ. ಅವ್ವ ಹೋಳಿಗೆಯ ತುಂಡೊಂದು ಮುರಿದು, "ಕೈ ಮುರಿದದ್ದು ನಂದು. ಕಳಸೂದು ಬಿಡೂದು ನಾ ಹೇಳತೀನಿ. ಕುಂದ್ರು ಚಾರಿ" ಎಂದಳು.

ಚಾರಿ ಕೂತಿತು. ನಾವೂ ಎಲೆಯ ಮುಂದೆ ಕೂತೆವು.