ಗಾಯದ ಉರಿಯೂ ಅದರ ಶಮನವೂ

ಅರಂತೋಡಿನ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ದಿನಗಳು ಬಂದುವೆಂದರೆ ಯಾರಾದರೊಬ್ಬರ ಬೆರಳಿಗೆ ಬಟ್ಟೆಯ ಪಟ್ಟಿ ಇದ್ದೇ ಇರುವುದು. ಕತ್ತಿ ತಗಲಿದ ಬೆರಳು ಕೆಂಪಾಗಿ ಬಾತು ನೋಯುವುದು. ನಾಲ್ಕಾರು ದಿನಗಳಲ್ಲಿ ಬಾವು ತಾನಾಗಿಯೇ ಇಳಿಯುವುದು. ಬಾವು ಏಕೆ ಬಂದಿತೆಂದು ಮಕ್ಕಳು ಕೇಳುವುದುಂಟು. ಏಕೆ ಹೋಯಿತೆಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆ ನನ್ನಲ್ಲಿ ಹುಟ್ಟಿದುದು ನಮ್ಮ ಸೋದರತ್ತೆಯವರ ಕಾಲಿನಿಂದ. ಸಕ್ಕರೆ ಕಾಯಿಲೆಯಿದ್ದ ಅವರ ಹಿಮ್ಮಡಿಯಲ್ಲಿ ಎದ್ದ ಸಣ್ಣ ಹುಣ್ಣೊಂದು ಒಂದು ಮಳೆಗಾಲವೆಲ್ಲ ಕೆಂಪಾಗಿಯೇ ಉಳಿದಿತ್ತು. ಕಾಲು ಉಳಿಯುವುದೋ ಇಲ್ಲವೋ ಎಂಬ ಭಯ ಮನೆಯವರೆಲ್ಲರನ್ನೂ ಕಾಡಿತು.

ಶಾಸ್ತ್ರಜ್ಞರು ಹೇಳುವ ಉತ್ತರ ಸೋಜಿಗದ್ದು. ನಮ್ಮ ಜೀವಕೋಶಗಳೊಳಗೆ ಎ.ಟಿ.ಪಿ. ಎಂಬ ಶಕ್ತಿದ್ರವ್ಯವುಂಟು. ಇದನ್ನು 1929ರಲ್ಲಿ ಜರ್ಮನಿಯಲ್ಲಿ ಲೋಮನ್ನರೂ, ಅಮೆರಿಕದಲ್ಲಿ ಫಿಸ್ಕೆಯವರೊಡನೆ ನಮ್ಮ ದೇಶದವರೇ ಆದ ಯಲ್ಲಾಪ್ರಗಡ ಸುಬ್ಬರಾಯರೂ ಕಂಡುಹಿಡಿದರು. ಭತ್ತವು ಪತ್ತಾಯದೊಳಗಿದ್ದರೆ ಸಂಪತ್ತು. ಅಂಗಳದಲ್ಲಿ ಚೆಲ್ಲಿದ್ದರೆ ಪತ್ತಾಯ ಒಡೆದುದರ ಸೂಚನೆ. ಎ.ಟಿ.ಪಿ.ಯೂ ಹಾಗೆಯೇ. ಕೋಶದ ಹೊರಗೆ ಅದು ಸಾಮಾನ್ಯವಾಗಿ ಅತ್ಯಲ್ಪ. ಗಾಯವಾಗಿ ಕೋಶಗಳು ಒಡೆದಾಗ ಅದು ಹೊರಚೆಲ್ಲುವುದು. ಆ ಸುಳಿವರಿತ ರಕ್ಷಣಾಕೋಶಗಳು ಎಚ್ಚೆತ್ತು ಧಾವಿಸುವುವು. ಬಾವೂ ಉರಿಯೂ ಅವುಗಳ ದುಡಿಮೆಯ ಗುರುತು.

ಆದರೆ ಕಾವಲಿನವರು ಬಂದರೆ ಸಾಲದು, ಹಿಂದಿರುಗಲೂ ಬೇಕಷ್ಟೆ. ಕೋಶಗಳ ಹೊರಮೈಯಲ್ಲಿರುವ ಎರಡು ಕಿಣ್ವಗಳು ಚೆಲ್ಲಿದ ಎ.ಟಿ.ಪಿ.ಯನ್ನೇ ಹಂತಹಂತವಾಗಿ ಕತ್ತರಿಸಿ ಅಡಿನೋಸಿನ್ ಎಂಬ ವಸ್ತುವನ್ನಾಗಿ ಮಾಡುತ್ತವೆ. ಕೂಗಿ ಎಬ್ಬಿಸಿದ ದ್ರವ್ಯವೇ ರೂಪಾಂತರ ಹೊಂದಿ, ರಕ್ಷಣಾಕೋಶಗಳಿಗೆ "ಇನ್ನು ಸಾಕು" ಎನ್ನುತ್ತದೆ. ಈ ಮಾತನ್ನು ಗ್ರಹಿಸುವ ಒಂದು ಅಂಶವಿಲ್ಲದ ಇಲಿಗಳಲ್ಲಿ ಅಲ್ಪ ಕಾರಣಕ್ಕೂ ಉರಿ ಅಡಗದೆ ಅಂಗಗಳು ಕೆಟ್ಟುವೆಂದು 2001ರಲ್ಲಿ ಪ್ರಕಟವಾಯಿತು. ಶಮನವೂ ಅತಿಯಾಗಬಾರದು: ಕೆಲವು ಅರ್ಬುದಗಳು ತಮ್ಮ ಸುತ್ತ ಅಡಿನೋಸಿನ್ ತುಂಬಿಕೊಂಡು ಕಾವಲಿನವರನ್ನೇ ಸುಮ್ಮನಾಗಿಸುತ್ತವೆ.

ಸೋದರತ್ತೆಯವರ ಹುಣ್ಣು ಮಾಯದಿದ್ದುದಕ್ಕೆ ಈ ಒಂದೇ ದ್ರವ್ಯ ಕಾರಣವೆನ್ನಲಾಗದು. ಸಕ್ಕರೆ ಕಾಯಿಲೆಯಲ್ಲಿ ರಕ್ತದ ಹರಿವು ಕುಂದುವುದು, ಸ್ಪರ್ಶ ಮಂಕಾಗುವುದು, ಎದ್ದ ಉರಿ ಇಳಿಯುವ ಕ್ರಮವೂ ತಪ್ಪುವುದು. ವೈದ್ಯರು ಸಕ್ಕರೆಯನ್ನು ಹತೋಟಿಗೆ ತಂದು, ಕಾಲಿನ ಮೇಲೆ ಭಾರ ಬೀಳದಂತೆ ನೋಡಿ, ದಿನವೂ ಗಾಯ ಶುದ್ಧಗೊಳಿಸಿದ ಮೇಲೆ ಹುಣ್ಣು ಮಾಗಿತು, ಕಾಲು ಉಳಿಯಿತು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಬಾವು ಬಂದಿತೆಂದು ಹೆದರಬೇಡಿರಿ, ಇಳಿಯಬೇಕಾದ ಕಾಲಕ್ಕೆ ಇಳಿಯದಿದ್ದರೆ ಉದಾಸೀನ ಮಾಡಬೇಡಿರಿ. ಸಕ್ಕರೆ ಕಾಯಿಲೆಯ ಹಿರಿಯರ ಅಂಗಾಲನ್ನು ದಿನಕ್ಕೊಮ್ಮೆ ನೋಡಿರಿ. ಅಲ್ಲಿ ಹುಣ್ಣು ಕಂಡರೆ ಮಾತ್ರ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.