ಸ್ಪರ್ಶರೇಖೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ನಾನು ಪಿಯುಸಿ ಓದುವಾಗ ನಮ್ಮ ಬಸ್ಸು 40 ನಿಮಿಷ ತಗೊಳ್ಳುತ್ತಿತ್ತು. ಒಂದಿನ ಫಿಸಿಕ್ಸ್ ಮಾಸ್ತರರು, 'ಉಣಕಲ್ ಕೆರಿ ದಾಟೂವಾಗ ಆ ಬಸ್ಸಿನ ವೇಗ ಎಷ್ಟು?' ಅಂತ ಕೇಳಿದರು. ನಾನು ಎದ್ದು, 'ತಾಸಿಗೆ 30 ಕಿಲೋಮೀಟರ್ ರೀ ಸರ್' ಅಂದೆ. ಕ್ಲಾಸೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. 'ಸ್ಕಾಲರ್‌ಶಿಪ್ ಸಿಗತೈತಂತ ಸೈನ್ಸಿಗೆ ಯಾಕ ಬರ್ತೀರೋ' ಅಂದರು. ಉತ್ತರ ಯಾಕೆ ತಪ್ಪು ಅನ್ನೋದನ್ನು ಮಾತ್ರ ಹೇಳಲಿಲ್ಲ.

ಆಮೇಲೆ ಬೋರ್ಡಿನ ಮೇಲೆ ಒಂದು ಬಾಗಿದ ಗೆರೆ ಎಳೆದು, ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಸರಳ ಗೆರೆ ಹಾಕಿ, 'ಇದು ಸ್ಪರ್ಶರೇಖೆ, ಇದರ ಇಳಿಜಾರೇ ಆ ಕ್ಷಣದ ವೇಗ' ಅಂದರು. ಬೇರೆ ಹುಡುಗರ ಜರ್ನಲ್ ಕೈಗೆ ಕೊಡುತ್ತಿದ್ದವರು ನನ್ನದನ್ನು ಮೇಜಿನ ಮೇಲೆ ಸರಿಸುತ್ತಿದ್ದರು. ಅದೇ ಕೈ ಬೋರ್ಡಿನ ಮೇಲೆ ಸ್ಪರ್ಶದ ಗೆರೆ ಎಳೀತಿತ್ತು. ಆ ಶಬ್ದ ಬಿಟ್ಟರೆ ಅವತ್ತು ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ.

ರಾತ್ರಿ ಅಪ್ಪ ಚಪ್ಪಲಿ ಹೊಲಿಯುತ್ತ ಕೂತಿದ್ದ. ಬಾಗಿದ ಗೆರೆಗೆ ನೆಟ್ಟನೆಯ ಗೆರೆ ಹೆಂಗ ಮುಟ್ಟತೈತಿ ಅಂತ ಕೇಳಿದೆ. ಅವನು ಕಾಲಿನ ಕಟ್ಟಿಗೆ ಅಚ್ಚು ತಗೊಂಡು ಅದರ ಡುಬ್ಬಕ್ಕೆ ಪಟ್ಟಿಯ ಅಂಚು ಆನಿಸಿದ. 'ಒಂದ ಕಡೆ ಮುಟ್ಟೇತಿ ನೋಡು. ಹೊಳ್ಳಿಸಿದ್ರ ಬ್ಯಾರೆ ಕಡೆ ಮುಟ್ಟತೈತಿ, ಪಟ್ಟಿ ಬ್ಯಾರೆ ಕಡೆ ವಾಲತೈತಿ' ಅಂದ. ಅಷ್ಟೇ. ನನಗೆ ಬೆಳಕಾಯಿತು.

30 ಅನ್ನೋದು ಸರಾಸರಿ. ಸ್ಟಾಪಿನಲ್ಲಿ ನಿಂತದ್ದು, ಖಾಲಿ ರಸ್ತೆಯಲ್ಲಿ ಓಡಿದ್ದು, ಎಲ್ಲ ಅದರೊಳಗೆ ಕಲಸಿಹೋಗಿರುತ್ತದೆ. ಸರಕಾರದ ವರದಿಗಳೂ ಹಿಂಗೇ ನಮ್ಮನ್ನು ಸರಾಸರಿಯೊಳಗೆ ಮುಳುಗಿಸುತ್ತವೆ, ಆ ಮಾತು ಇನ್ನೊಮ್ಮೆ.

ಸ್ಟಾಪಿನಿಂದ ಹೊರಟ ಬಸ್ಸು 2 ಸೆಕೆಂಡಿಗೆ 2 ಮೀಟರ್, 4ಕ್ಕೆ 8, 6ಕ್ಕೆ 18, ಹಿಂಗೆ ಒಂದೇ ಸಮ ವೇಗ ಏರಿಸುತ್ತ ಹೋಯಿತು ಅನ್ನೋಣ. 4ನೇ ಸೆಕೆಂಡಿನಲ್ಲಿ ವೇಗ ಎಷ್ಟು? ಒಂದು ಕ್ಷಣದಲ್ಲಿ ಹೋದ ದೂರವೂ ಸೊನ್ನೆ, ಹಿಡಿದ ಕಾಲವೂ ಸೊನ್ನೆ. ಭಾಗಿಸೋದು ಹೆಂಗೆ? ಅದಕ್ಕೇ ಹತ್ತಿರ ಹತ್ತಿರ ಬರಬೇಕು. 4ರಿಂದ 6ರವರೆಗೆ ಸೆಕೆಂಡಿಗೆ 5 ಮೀಟರ್. 4ರಿಂದ 5ಕ್ಕೆ 4.5. 4ರಿಂದ 4.5ಕ್ಕೆ 4.25. ಅವಧಿ ಸಣ್ಣದಾದಂತೆ 4ರ ಕಡೆಗೇ ಜಗ್ಗುತ್ತದೆ. ಗ್ರಾಫಿನಲ್ಲಿ ಎರಡು ಕಡೆ ಕತ್ತರಿಸುತ್ತಿದ್ದ ಗೆರೆ ತಿರುಗುತ್ತ ತಿರುಗುತ್ತ ಒಂದೇ ಕಡೆ ಮುಟ್ಟಿ ನಿಲ್ಲುತ್ತದೆ. ಆ ಗೆರೆ 2ನೇ ಸೆಕೆಂಡಿನಲ್ಲಿ ಸೊನ್ನೆ ಮೀಟರಿನಿಂದ ಹೊರಟು 6ನೇ ಸೆಕೆಂಡಿನಲ್ಲಿ 16 ಮೀಟರಿಗೆ ಏರುತ್ತದೆ. 16ನ್ನು 4ರಿಂದ ಭಾಗಿಸಿದರೆ 4. ತಾಸಿಗೆ 14.4 ಕಿಲೋಮೀಟರ್.

ಈಗ ನಾನೂ ಮಾಸ್ತರ. ಸಂಜೆ ಕೇರಿಯ ಹುಡುಗರಿಗೆ ಪಾಠ ಹೇಳುತ್ತೇನೆ. ಗ್ರಾಫಿನಲ್ಲಿ ಮೇಲಿದ್ದದ್ದೇ ಜೋರು ಓಡತೈತಿ ಅನ್ನೋದು ಅವರೆಲ್ಲರ ಮೊದಲ ತಪ್ಪು. 2018ರಲ್ಲಿ ಬಂದ ಚಿಗರಿ ಬಸ್ಸನ್ನೇ ಉದಾಹರಣೆಗೆ ತಗೊಂಡೆ. ಧಾರವಾಡಕ್ಕೆ ಹೋಗಿ ನಿಂತ ಚಿಗರಿಯ ಗೆರೆ ಎಲ್ಲಕ್ಕಿಂತ ಮೇಲೆ, ಆದರೆ ಮಲಗಿದೆ, ವೇಗ ಸೊನ್ನೆ. ಹುಬ್ಬಳ್ಳಿ ಬಿಟ್ಟದ್ದು ಕೆಳಗಿದ್ದರೂ ಏರುತ್ತಿದೆ. 'ಅಂದ್ರ ಮ್ಯಾಲಿರೂದು ಬ್ಯಾರೆ, ಮುಂದ ಹೋಗೂದು ಬ್ಯಾರೆ ಏನ್ರಿ ಸರ್?' ಅಂದಳು ಒಬ್ಬ ಹುಡುಗಿ. ಹೌದವ್ವ ಅಂದೆ.

ಸ್ಪರ್ಶರೇಖೆ ಎಳೆಯಲು ಒಡೆದ ಕನ್ನಡಿ ಚೂರು ಸಾಕು. ಬೇಕಾದ ಬಿಂದುವಿನ ಮೇಲೆ ಅದನ್ನು ಗೆರೆಗೆ ಅಡ್ಡಲಾಗಿ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ತಿರುಗಿಸಬೇಕು. ಹೊರಗಿನ ಗೆರೆ, ಕನ್ನಡಿಯೊಳಗಿನ ಗೆರೆ ಎರಡೂ ಮುರಿಯದೆ ಒಂದಾಗಿ ಕಂಡಾಗ ಕನ್ನಡಿಯ ಬುಡಕ್ಕೆ ಒಂದು ಗೆರೆ ಎಳೆಯಬೇಕು. ಆ ಗೆರೆಗೆ ಬಿಂದುವಿನಲ್ಲಿ ಹಾಕಿದ ಲಂಬವೇ ಸ್ಪರ್ಶರೇಖೆ. ತ್ರಿಕೋನ ಮಾತ್ರ ದೊಡ್ಡದು ಮಾಡಬೇಕು, ಸಣ್ಣದಾದರೆ ಅಳತೆಯ ತಪ್ಪು ದೊಡ್ಡದಾಗುತ್ತದೆ.

ಆ ಹುಡುಗಿಗೆ 4.2 ಬಂತು. ಕಣ್ಣಳತೆಯ ಕೆಲಸ, ಅಷ್ಟು ಹೆಚ್ಚುಕಮ್ಮಿ ಇರೂದ. ಸರಿ ಅಂತ ಗುರುತು ಹಾಕಿ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ.