ನೇತ್ರಾಣಿಗೆ ಹೊರಟಿರಾ? ಮೊದಲು ರೂಮು ನೋಡ್ಕೊಳ್ಳಿ!

‘ಗಂಧದ ಗುಡಿ’ ನೋಡಿ ಹೊರಬಂದಾಗ ಕಣ್ಣು ಒದ್ದೆಯಾಗಿತ್ತು. 1973ರ ಅಣ್ಣಾವ್ರ ಚಿತ್ರವಲ್ಲ ಮಿತ್ರರೇ, 2022ರಲ್ಲಿ ಬಂದ ಅಪ್ಪು ಅವರ ಕೊನೆಯ ಚಿತ್ರ. ನೇತ್ರಾಣಿಯ ನೀರಿನಡಿ ಅಪ್ಪು ಇಳಿದದ್ದು ತಲೆಯಲ್ಲಿ ಕೂತುಬಿಡ್ತು. ನಾನೂ ಇಳೀಬೇಕು!

ನೇತ್ರಾಣಿ ಇರೋದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ. ದೋಣಿಯಲ್ಲಿ ಒಂದು-ಒಂದೂವರೆ ಗಂಟೆ. ದ್ವೀಪದಲ್ಲಿ ಜನವಸತಿಯೇ ಇಲ್ಲ. ಹಾಗಾದರೆ ಬಿಡಾರ ಎಲ್ಲಿ? ಗೋಕರ್ಣ, ಭಟ್ಕಳ, ಮುರುಡೇಶ್ವರ... ಈ ಮೂರೂ ಊರು ಕೈಬೀಸಿ ಕರೆಯುತ್ತವೆ.

ಮೊದಲ ಸಲ ನಾನು ಮರುಳಾಗಿದ್ದು ಗೋಕರ್ಣಕ್ಕೆ. ಓಂ ಬೀಚು, ಗುಡಿಸಲು, ಗಿಟಾರು... ಮಜವೋ ಮಜ! ಆದರೆ ಅಲ್ಲಿಂದ ಮುರುಡೇಶ್ವರಕ್ಕೆ ಕುಮಟಾ, ಹೊನ್ನಾವರ ದಾಟಿ ಹತ್ತಿರ ಹತ್ತಿರ ಎರಡು ಗಂಟೆ ಹಾದಿ. ನಾನು ಕಣ್ಣುಜ್ಜಿಕೊಂಡು ದಡ ಮುಟ್ಟೋ ಹೊತ್ತಿಗೆ ದೋಣಿ ಚುಕ್ಕಿಯಾಗಿತ್ತು. ಕಟ್ಟಿದ್ದ ದುಡ್ಡು ನೀರುಪಾಲು. ತಪ್ಪು ನಂದೇ ಸ್ವಾಮಿ, ಯಾರನ್ನು ಬಯ್ಯಲಿ?

ಎರಡನೇ ಸಲ ಗೆಳೆಯನೊಬ್ಬ ಜತೆಯಾದ. ಅವನ ಮನಸ್ಸು ಭಟ್ಕಳದ ಬಿರಿಯಾನಿ ಮೇಲೆ. ಊರೇನೋ ಹತ್ತಿರವೇ. ಆದರೆ ಪೆಟ್ಟು ತಿಂದ ನಾನು ಬಿಡಲಿಲ್ಲ. ಮುರುಡೇಶ್ವರದಲ್ಲೇ ಸಾದಾ ರೂಮು ಹಿಡಿದೆವು. ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ 123 ಅಡಿ ಎತ್ತರದ ಶಿವ, ಹತ್ತು ನಿಮಿಷ ನಡೆದರೆ ದೋಣಿ!

ನನಗೆ ಈಜು ಬರೋಲ್ಲ. ಹೊಸಬರನ್ನು ಗುರುಗಳು ಕೈಹಿಡಿದೇ ಇಳಿಸುತ್ತಾರೆ, 12 ಮೀಟರಿನ ಒಳಗೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸ್ಕೋಬೇಕು, ಉಸಿರು ಮಾತ್ರ ಹಿಡೀಬಾರದು. ನೆಗಡಿ, ಆಸ್ತಮಾ ಇದ್ದರೆ ಮುಚ್ಚಿಡದೆ ಮೊದಲೇ ಹೇಳಿ. ಕೆಳಗೆ ಬಂಡೆಗಳ ಮೇಲೆ ಹವಳ, ಅದನ್ನು ಕಚ್ಚಿ ತಿನ್ನೋ ಗಿಳಿಮೀನು, ಹಳದಿ ಚಿಟ್ಟೆಮೀನು... ಎದೆ ಡವಡವ ಅಂದದ್ದು ಎಷ್ಟು ಹೊತ್ತೋ, ಮರೆತೇ ಹೋಯ್ತು.

ದಡಕ್ಕೆ ಬಂದಾಗ ಶುರುವಾಯ್ತು ಫೈಟಿಂಗು! ಗೆಳೆಯ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಟಿಕೆಟ್ ಮಾಡಿಸಿಬಿಟ್ಟಿದ್ದ. “ನಾಳೆ ಡ್ಯೂಟಿ ಕಣೋ!” ಗುರುಗಳು ಕೇಳಿಸಿಕೊಂಡರು. “ಎಂತ ಮಾರಾಯ್ರೇ, ಇವತ್ತೇ ಘಟ್ಟ ಹತ್ತೂದಾ?”

ಕಾರಣ ಹೀಗೆ: ನೀರಿನ ಒತ್ತಡದಲ್ಲಿ ಉಸಿರಾಡಿದಾಗ ಹೆಚ್ಚುವರಿ ನೈಟ್ರೋಜನ್ ಮೈಯಲ್ಲಿ ಕರಗುತ್ತೆ. ಬೇಗ ಎತ್ತರಕ್ಕೆ ಹೋದರೆ ಸೋಡಾ ಬಾಟ್ಲಿ ತೆರೆದ ಹಾಗೆ ಗುಳ್ಳೆ ಏಳಬಹುದು. ಕೀಲುನೋವು ಬರಬಹುದು, ಕೈಕಾಲು ಸ್ವಾಧೀನ ತಪ್ಪಲೂಬಹುದು. ಒಂದೇ ಸಲ ಮುಳುಗಿದರೆ ಕನಿಷ್ಠ 12 ಗಂಟೆ, ಹಲವು ಸಲವಾದರೆ 18 ಗಂಟೆ ವಿಮಾನ ಹತ್ತಬಾರದು ಅನ್ನೋದು ಡೈವಿಂಗಿನವರ ರೂಢಿ. ಬೆಂಗಳೂರು ಇರೋದೂ ಸುಮಾರು 900 ಮೀಟರ್ ಎತ್ತರದಲ್ಲಿ. ಹೊಸಬರ ಆಳದಲ್ಲಿ ಅಪಾಯ ಕಡಿಮೆ, ಆದರೂ ಪಣ ಯಾಕೆ?

ಟಿಕೆಟ್ ದುಡ್ಡು ಹೋಯ್ತು. ಗೆಳೆಯ ಊಟದವರೆಗೂ ಮಾತಾಡಲಿಲ್ಲ. ಮೀನು ಸಾರು ಬಂದ ಮೇಲೆ ತಾನೇ ನಕ್ಕ.

ಆದ್ದರಿಂದ ಮಿತ್ರರೇ, ಅಕ್ಟೋಬರ್‌ನಿಂದ ಮೇ ಒಳಗೆ ಹೋಗಿ. ಮಳೆಗಾಲದಲ್ಲಿ ದೋಣಿ ಇಲ್ಲ. ರೂಮನ್ನು ದೋಣಿ ಹೊರಡೋ ಊರಲ್ಲೇ ಮಾಡಿ, ಹಿಂದಿನ ರಾತ್ರಿಗೂ, ಮುಳುಗೆದ್ದ ರಾತ್ರಿಗೂ. ಗೋಕರ್ಣದ ಗಿಟಾರು, ಭಟ್ಕಳದ ಬಿರಿಯಾನಿ ಮಾರನೇ ದಿನಕ್ಕಿರಲಿ. ಸಿನಿಮಾದಲ್ಲಿ ರೀಟೇಕ್ ಉಂಟು, ಸಮುದ್ರದಲ್ಲಿಲ್ಲ!